ಚೀಟಿ ಬೀಳದ ಕಾಲೋನಿ

ಮನೆಯಿಂದ ಹೊರಟ ಮನುಷ್ಯ ಯಾವ ದಾರಿ ಹಿಡಿಯುತ್ತಾನೆ ಎಂದು ಮುಂಚಿತವಾಗಿ ಹೇಳುವುದು ನನ್ನ ಹೊಟ್ಟೆಪಾಡು. ಹತ್ತೊಂಬತ್ತು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಈಗ ಖಾಲಿ ಜಾಗವೇ ಉಳಿದಿಲ್ಲ. ಎರಡೂ ಬೆಳೆದು ಒಂದಕ್ಕೊಂದು ಅಂಟಿಕೊಂಡು ಜೋಡಿನಗರ ಎಂಬ ಒಂದೇ ಊರಾಗಿ ಬಹಳ ದಿನವಾಯಿತು. ದಿನಕ್ಕೆ ಮೂವತ್ತೊಂದು ಲಕ್ಷ ಜನ ಓಡಾಡುತ್ತಾರೆ. ಅವರನ್ನು ಓಡಾಡಿಸುವ ಸಂಚಾರ ಮಂಡಳಿಯಲ್ಲಿ ನಾನು ಮಾದರಿ ವಿಭಾಗದ ಹಿರಿಯ ಅಧಿಕಾರಿ. ಹೆಸರು ಶೈಲಜಾ ಶಿರಗುಪ್ಪಿ. ಮೂರು ವಾರದ ಹಿಂದೆ ನನ್ನ ಗಂಡ ತೀರಿಕೊಂಡರು. ಅದು ಹೇಗೆ ಎಂದು ಹೇಳಬೇಕಾದರೆ ಮೊದಲು ಚೀಟಿಯ ವಿಷಯ ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಜನ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ನೆರಳಿನ ಕಡೆ ಸೀಟು ಸಿಗುತ್ತದೆಂದು ಸುತ್ತುಬಳಸಿನ ಬಸ್ಸು ಹತ್ತುವವರಿದ್ದರು. ಹತ್ತು ನಿಮಿಷ ಹೆಚ್ಚಾದರೂ ಸರಿ, ನಡುವೆ ಇಳಿದು ಇನ್ನೊಂದು ಹತ್ತುವುದು ಬೇಡ ಎನ್ನುವವರಿದ್ದರು. ಬೀಗರ ಮನೆಯ ಮುಂದೆ ಹಾಯಬಾರದೆಂದು ಇಡೀ ಬಡಾವಣೆಯನ್ನು ಸುತ್ತುವವರೂ ಇದ್ದರು. ನಾವು ಇದೆಲ್ಲವನ್ನೂ ನಿಮಿಷಕ್ಕೆ ಇಳಿಸಿದೆವು. ಒಂದು ಸಲ ಬಸ್ಸು ಬದಲಿಸುವ ಬೇಜಾರು ಎಂಟು ನಿಮಿಷಕ್ಕೆ ಸಮ. ಸೀಟು ಸಿಕ್ಕ ಸಂತೋಷ ಆರು ನಿಮಿಷಕ್ಕೆ ಸಮ. ಬೀಗರ ಮನೆಯ ಲೆಕ್ಕ ಮಾತ್ರ ಹತ್ತಲಿಲ್ಲ, ಅದನ್ನು 'ಇತರೆ' ಎಂಬ ಕಡೆ ಹಾಕಿದೆವು. ಹೀಗೆ ಕೂಡಿಸಿ ಕಳೆದು ಊರಿನ ಪ್ರತಿಯೊಬ್ಬನ ಮನಸ್ಸನ್ನೂ ಅಂದಾಜು ಮಾಡುವ ಮಾದರಿಯೊಂದು ಸಿದ್ಧವಾಯಿತು.

ಆಮೇಲೆ ಚಾಲಕನಿಲ್ಲದ ಎಂಟು ಸೀಟಿನ ಬಂಡಿಗಳು ಬಂದವು. ಜನ ಅವನ್ನು ಡಬ್ಬಿ ಎಂದು ಕರೆದರು. ಎಲ್ಲಿಗೆ ಹೋಗಬೇಕೆಂದು ಮೊಬೈಲಿಗೆ ಹೇಳಿದರೆ ಸಾಕು, ನೀವೇ ಆರಿಸಿದ್ದರೆ ಯಾವುದನ್ನು ಆರಿಸುತ್ತಿದ್ದಿರೋ ಆ ದಾರಿಯನ್ನೇ ಮಾದರಿ ಆರಿಸಿ ಡಬ್ಬಿಯನ್ನು ಬಾಗಿಲಿಗೆ ಕಳಿಸುತ್ತಿತ್ತು. ಮೊದಮೊದಲು ಜನ ಮೂಗು ಮುರಿದರು. ಆರು ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿ ಕಣ್ಣು ಮುಚ್ಚಿ ಹತ್ತಿ ಕೂಡುತ್ತಿದ್ದರು. ಯಾವ ರಸ್ತೆಯಲ್ಲಿ ಹೋಗುತ್ತಿದ್ದೇವೆ ಎಂದು ಕಿಟಕಿಯಿಂದ ನೋಡುವುದನ್ನೂ ಬಿಟ್ಟರು.

ಆಗ ನಮಗೊಂದು ತೊಡಕು ಬಂತು. ಜನ ಆರಿಸುವುದನ್ನು ನೋಡಿ ಕಲಿತ ಮಾದರಿಗೆ ಈಗ ಕಲಿಯಲು ಏನೂ ಇರಲಿಲ್ಲ. ಎಲ್ಲರೂ ಅದು ಹೇಳಿದ ದಾರಿಯಲ್ಲೇ ಹೋಗುತ್ತಿದ್ದರು, ಅದು ಅದನ್ನೇ ನೋಡಿ ತಾನು ಸರಿ ಎಂದುಕೊಳ್ಳುತ್ತಿತ್ತು. ಮೇಷ್ಟ್ರು ತಾವೇ ಉತ್ತರ ಬರೆದು ತಾವೇ ತಿದ್ದಿ ನೂರಕ್ಕೆ ನೂರು ಕೊಟ್ಟುಕೊಂಡ ಹಾಗೆ. ಅದು ಯಾರನ್ನೂ ಕಳಿಸದ ರಸ್ತೆಯಲ್ಲಿ ಗುಂಡಿ ಬಿದ್ದರೂ, ಸಂತೆ ಕೂತರೂ, ಡಾಂಬರು ಬಂದರೂ ಅದಕ್ಕೆ ಸುದ್ದಿಯಿಲ್ಲ.

ಅದಕ್ಕೇ ಚೀಟಿ ತಂದೆವು. ಪ್ರತಿ ಬೆಳಗ್ಗೆ ಐದೂವರೆಗೆ ಯಂತ್ರ ಏಳುನೂರು ಜನರಿಗೆ ಒಬ್ಬರಂತೆ ಹೆಸರು ಎತ್ತುತ್ತದೆ. ಹೆಸರು ಬಿದ್ದವರನ್ನು ಅವತ್ತು ಒಳ್ಳೆಯ ದಾರಿಯಲ್ಲಿ ಕಳಿಸದೆ ಬೇರೊಂದು ದಾರಿಯಲ್ಲಿ ಕಳಿಸುತ್ತದೆ. ಅವರಿಗೆ ಸರಾಸರಿ ಒಂಬತ್ತು ನಿಮಿಷ ಹಾಳು, ಊರಿಗೆ ಆ ರಸ್ತೆಯ ಸುದ್ದಿ ಲಾಭ. ಹೆಸರು ಬಿದ್ದವರಿಗೆ ಅದನ್ನು ಹೇಳುವುದಿಲ್ಲ. ಸೇವೆಯ ಷರತ್ತುಗಳಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ 'ಸೇವೆಯ ಸುಧಾರಣೆಗಾಗಿ' ಎಂದು ಇದೆ. ಬರೆದವಳು ನಾನೇ.

ಚೀಟಿಗೆ ಹೊರತಾದವರ ಒಂದು ಪಟ್ಟಿಯೂ ಇತ್ತು. ಆಂಬುಲೆನ್ಸು, ಅಗ್ನಿಶಾಮಕ, ಪರೀಕ್ಷೆಯ ಪ್ರಶ್ನೆಪತ್ರಿಕೆ ಒಯ್ಯುವ ವಾಹನ ಇಂಥವು. ಒಟ್ಟು ಇನ್ನೂರ ಹನ್ನೆರಡು. ಅದರಲ್ಲಿ ಮನುಷ್ಯರ ಹೆಸರು ಒಂದೂ ಇರಲಿಲ್ಲ.

ಮೊದಲ ಮನುಷ್ಯನ ಹೆಸರು ಸೇರಿಸಿದವಳು ನಾನು.

ನಮ್ಮ ಮನೆಯವರ ಹೆಸರು ಶಂಭುಲಿಂಗ. ವಕೀಲರ ಕರಿ ಕೋಟು ಹೊಲಿಯುವ ಟೇಲರ್. ಧಾರವಾಡದ ಹೈಕೋರ್ಟಿನಲ್ಲಿ ಕೈ ಎತ್ತಿ ವಾದ ಮಾಡುವ ಅರ್ಧ ಜನರ ಕಂಕುಳ ಅಳತೆ ಇವರಿಗೆ ಬಾಯಿಪಾಠವಾಗಿತ್ತು. ನಾಲ್ಕೂವರೆ ವರ್ಷದ ಹಿಂದೆ ಇವರ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ ಮತ್ತು ಗುರುವಾರ, ವಾರಕ್ಕೆರಡು ಸಲ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ತಾಸು. ಆಸ್ಪತ್ರೆಯವರು ಕೊಟ್ಟ ಹಳದಿ ಕಾರ್ಡಿನ ಮೇಲೆ 'ಬೆಳಗ್ಗೆ ಹತ್ತು ಗಂಟೆಯೊಳಗೆ ಹಾಜರಿರತಕ್ಕದ್ದು, ತಡವಾದಲ್ಲಿ ಸರದಿ ರದ್ದು' ಎಂದು ಅಚ್ಚಾಗಿತ್ತು. ನಾನು ಅಚ್ಚಾದದ್ದನ್ನು ನಂಬುವವಳು.

ಒಂದೆರಡು ತಿಂಗಳು ಕಳೆದಿರಬೇಕು. ಒಂದು ಗುರುವಾರ ಸಂಜೆ ನಾನು ಮನೆಗೆ ಬಂದಾಗ ಇವರು ಹೊಲಿಗೆ ಮಷೀನಿನ ಮುಂದೆ ಕೂತು ಕಾಲರಿಗೆ ಕ್ಯಾನ್ವಾಸ್ ಕತ್ತರಿಸುತ್ತಿದ್ದರು.

"ಶೈಲಾ, ಇವತ್ತ ಡಬ್ಬಿ ಎಲ್ಲೆಲ್ಲೋ ಕರ್ಕೊಂಡು ಹೋತು ನೋಡ. ಹಳೇ ಹತ್ತಿ ಮಿಲ್ ಹಿಂದಿಂದ ಹಾದು ಬಂತು. ಆ ಕಡೆ ಹೋಗಿ ಹದಿನೈದು ವರ್ಷ ಆಗಿತ್ತು. ಗೋಡಿ ಮ್ಯಾಲೆ ಗಿಡ ಬೆಳದಾವ," ಎಂದರು. ಖುಷಿಯಾಗಿದ್ದರು.

"ಎಷ್ಟಕ್ಕ ಮುಟ್ಟಿದ್ರಿ?"

"ಹತ್ತಕ್ಕ ನಾಲ್ಕು ನಿಮಿಷ ಇತ್ತು."

ಮರುದಿನ ಆಫೀಸಿನಲ್ಲಿ ದಾಖಲೆ ತೆಗೆದು ನೋಡಿದೆ. ಇವರ ಹೆಸರು ಚೀಟಿಯಲ್ಲಿ ಬಿದ್ದಿತ್ತು. ಹದಿನಾಲ್ಕು ನಿಮಿಷ ಸುತ್ತಿಸಿತ್ತು. ಇವರು ಎಂದಿನಂತೆ ಮುಂಚೆಯೇ ಹೊರಟಿದ್ದರಿಂದ ಉಳಿದರು. ಇನ್ನೊಂದು ಐದು ನಿಮಿಷ ತಡವಾಗಿದ್ದರೆ ಸರದಿ ರದ್ದಾಗುತ್ತಿತ್ತು. ಅವತ್ತೇ ಹೊರತಾದವರ ಪಟ್ಟಿಗೆ ಇವರ ಹೆಸರು ಸೇರಿಸಿದೆ. ಇವರಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಅನ್ನಿಸಲಿಲ್ಲ.

ನನ್ನ ಪಕ್ಕದ ಮೇಜಿನ ಇಮ್ತಿಯಾಜ್ ಕಿಲ್ಲೇದಾರ ಜಾಣ ಹುಡುಗ. ಇನ್ನೂರ ಹದಿಮೂರನೆಯ ಹೆಸರನ್ನು ಒಂದೇ ವಾರದಲ್ಲಿ ಕಂಡುಹಿಡಿದ. ಏನೂ ಕೇಳಲಿಲ್ಲ. "ನಮ್ಮ ಅಮ್ಮೀಗೆ ಮಂಡಿ ನೋವದ ಮೇಡಂ, ಭಾಳ ಹೊತ್ತು ಕೂಡಾಕ ಆಗಂಗಿಲ್ಲ," ಎಂದಷ್ಟೇ ಹೇಳಿದ. ನಾನು ಸೇರಿಸಿಕೊ ಎಂದೆ. ಬೇಡ ಎನ್ನಲು ನನಗೆ ಯಾವ ಬಾಯಿತ್ತು? ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥ ಹಂಪಿಹೊಳಿ ಸರ್ ಮಗಳಿಗೆ ಪರೀಕ್ಷೆ ಬಂತು. ಪರೀಕ್ಷೆ ಮುಗಿಯಿತು, ಹೆಸರು ಉಳಿಯಿತು. ಆಮೇಲೆ ಟಪಾಲು ವಿಭಾಗ, ಆಮೇಲೆ ಕ್ಯಾಂಟೀನು. ಮಂಡಳಿಯಲ್ಲಿ ಕೆಲಸ ಮಾಡುವವರೆಲ್ಲ ರೈಲ್ವೆ ಹಳಿಯ ಬದಿಯ ಮಂಡಳಿ ಕಾಲೋನಿಯಲ್ಲೇ ವಾಸ. ಒಬ್ಬರ ಮನೆಗೆ ಗೊತ್ತಾದದ್ದು ಇನ್ನೊಬ್ಬರ ಮನೆಗೆ ಗೊತ್ತಾಗಲು ಗೋಡೆಯೊಂದೇ ಅಡ್ಡ. ಮೂರೇ ತಿಂಗಳಲ್ಲಿ ಪಟ್ಟಿ ಮೂರು ಸಾವಿರದ ಒಂಬೈನೂರು ದಾಟಿತು. ಕಾಲೋನಿಯ ಆರುನೂರ ನಲವತ್ತು ಮನೆಗಳಲ್ಲಿ ಚೀಟಿಗೆ ಸಿಗುವವರು ಇಬ್ಬರೇ ಉಳಿದಿದ್ದರು. ಒಬ್ಬರು ಯಾರೊಂದಿಗೂ ಮಾತಾಡದ ನಿವೃತ್ತ ಗುಮಾಸ್ತರು, ಇನ್ನೊಬ್ಬರು ಮನೆಯಿಂದ ಹೊರಗೇ ಬಾರದ ಅವರ ತಾಯಿ.

ನಾವು ಯಾರಿಗೂ ಕೇಡು ಬಗೆದಿರಲಿಲ್ಲ. ಊರಿನ ಒಂಬತ್ತು ನಿಮಿಷವನ್ನು ಬೇರೆಯವರು ಹೊರಲಿ ಎಂದುಕೊಂಡಿದ್ದೆವು, ಅಷ್ಟೇ. ಚೀಟಿ ಬೀಳದ ಕಡೆಯ ರಸ್ತೆಗಳ ಸುದ್ದಿ ಮಾದರಿಗೆ ಬರುವುದಿಲ್ಲ ಎಂಬುದು ಆ ಕಟ್ಟಡದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದನ್ನು ನಮ್ಮ ಮನೆಯ ಮುಂದಿನ ರಸ್ತೆಗೆ ಹೊಂದಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ನನಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಕಾಲೋನಿಯಿಂದ ಊರೊಳಗೆ ಬರಲು ಎರಡು ದಾರಿ. ಒಂದು ಮೇಲ್ಸೇತುವೆ. ಇನ್ನೊಂದು ಹಿಂದುಗಡೆಯ ರೈಲ್ವೆ ಗೇಟಿನ ರಸ್ತೆ. ಗೇಟು ದಾಟಿದರೆ ಆಸ್ಪತ್ರೆ ಎರಡೇ ಕಿಲೋಮೀಟರ್. ನಾವೆಲ್ಲ ಮೇಲ್ಸೇತುವೆಯ ಮೇಲೆ ಹೋಗುತ್ತಿದ್ದೆವು. ಗೇಟಿನ ಕಡೆ ನಾನು ಮುಖ ಹಾಕಿ ವರ್ಷಗಳಾಗಿದ್ದವು.

ಆ ಭಾನುವಾರ ಇವರ ಕಾಲು ಬಾತಿತ್ತು. ಗುರುವಾರದಿಂದ ಸೋಮವಾರದ ತನಕ ನಾಲ್ಕು ದಿನದ ನೀರು ಮೈಯಲ್ಲೇ ನಿಲ್ಲುತ್ತದೆ, ಯಾವಾಗಲೂ ಅದು ಕಷ್ಟದ ಪಾಳಿ. ದಿಂಬು ಎತ್ತರ ಮಾಡಿಕೊಂಡು ಮಲಗಿದರು. ಡಾಕ್ಟರಿಗೆ ಫೋನ್ ಮಾಡಲೇ ಎಂದರೆ, "ನಾಳೆ ಹೊಂಟೇನಲ್ಲ, ಸುಮ್ನ ಯಾಕ," ಎಂದರು. ಬೆಳಗ್ಗೆ ನಾನು ಎಂಟಕ್ಕೆ ಆಫೀಸಿಗೆ ಹೋದೆ. ಇವರ ಡಬ್ಬಿ ಒಂಬತ್ತಕ್ಕೆ ಬರುವುದಿತ್ತು.

ಎಂಟು ಐವತ್ತೆರಡಕ್ಕೆ ಮೇಲ್ಸೇತುವೆಯ ಮೇಲೆ ಅಡುಗೆ ಎಣ್ಣೆಯ ಟ್ಯಾಂಕರ್ ಮಗುಚಿತು. ಎಣ್ಣೆ ಎರಡೂ ಬದಿಗೆ ಹರಿದು ಸೇತುವೆ ಪೂರ್ತಿ ಬಂದಾಯಿತು. ನಿಯಂತ್ರಣ ಕೊಠಡಿಯ ಗೋಡೆಯ ಪರದೆಯಲ್ಲಿ ಆ ಗೆರೆ ಕೆಂಪಾಯಿತು, ಎರಡು ನಿಮಿಷದಲ್ಲಿ ಮಾದರಿ ಕಾಲೋನಿಯ ಡಬ್ಬಿಗಳನ್ನೆಲ್ಲ ಗೇಟಿನ ರಸ್ತೆಗೆ ತಿರುಗಿಸಿತು.

"ಹನ್ನೆರಡು ನಿಮಿಷದ ದಾರಿ ತೋರಸ್ತದ ಮೇಡಂ," ಎಂದ ಇಮ್ತಿಯಾಜ್. "ಗೇಟಿನಾಗ ಕಾಯೋದು ಮೂರೇ ನಿಮಿಷ. ಏನೂ ತೊಂದ್ರಿ ಇಲ್ಲ."

ಹಂಪಿಹೊಳಿ ಸರ್ ನಮ್ಮಿಬ್ಬರ ಬೆನ್ನು ತಟ್ಟಿ ಚಹಾ ತರಿಸಿದರು. ಹಿಂದಿನ ಕಾಲದಲ್ಲಾದರೆ ಇಂಥ ದಿನ ಊರು ಮಧ್ಯಾಹ್ನದ ತನಕ ಸ್ತಬ್ಧವಾಗುತ್ತಿತ್ತು.

ಒಂಬತ್ತು ಮೂವತ್ತೈದಕ್ಕೆ ಇವರ ಫೋನ್ ಬಂತು.

"ಶೈಲಾ, ಗೇಟ್ ಬಿದ್ದದ."

"ಈಗ ತಗೀತಾರ ತಡೀರಿ."

"ಈಗಲ್ಲ, ಬಿದ್ದು ಇಪ್ಪತ್ತು ನಿಮಿಷ ಆತು. ಒಂದರ ಹಿಂದ ಒಂದು ಅದಿರಿನ ಗೂಡ್ಸ್ ಹೊಂಟಾವ. ನಮ್ಮ ಮುಂದ ನಾಲ್ಕು ಡಬ್ಬಿ ಅದಾವ, ಹಿಂದ ಲೆಕ್ಕಿಲ್ಲ."

ನಾನು ಪರದೆ ನೋಡಿದೆ. ಗೇಟಿನ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ಮೂರು ನಿಮಿಷ ಎಂದೇ ಇತ್ತು.

"ಇಲ್ಲಿ ಮೂರು ನಿಮಿಷ ಅಂತ ತೋರಸಾಕತ್ತದ್ರಿ."

"ಹೌದೇನು? ಜನ ಎಲ್ಲಾ ಇಳದು ಗೇಟಿನ ಬುಡಕ ಹಾದು ಹೊಂಟಾರ. ಆ ಕಡೆ ಆಟೋ ನಿಂತಾವ. ನಾನೂ ಇಳದು ಹೋಗಿಬಿಡ್ಲೇನು? ಹತ್ತರೊಳಗ ಮುಟ್ಟತೇನಿ."

ಇವರ ಬಾತ ಕಾಲು ಕಣ್ಣ ಮುಂದೆ ಬಂತು. ಬಗ್ಗಿ ಗೇಟು ದಾಟುವುದು, ಹಳಿಯ ಮೇಲೆ ಜಲ್ಲಿಕಲ್ಲು, ಯಾವುದೋ ಆಟೋ.

"ಬ್ಯಾಡ್ರಿ. ಅಲ್ಲೇ ಕೂಡ್ರಿ. ಮೂರು ನಿಮಿಷದಾಗ ತಗೀತಾರ. ನಾ ನೋಡಾಕತ್ತೇನಲ್ಲ ಇಲ್ಲೆ."

"ಹಂಗಾರ ಆತು," ಎಂದು ಫೋನ್ ಇಟ್ಟರು. ನಾನು ಹೇಳಿದ್ದಕ್ಕೆ ಇವರು ಎದುರು ಆಡಿದವರಲ್ಲ. ದಾರಿಯ ವಿಷಯದಲ್ಲಂತೂ ಎಂದೂ ಇಲ್ಲ.

ಗೇಟಿನ ಮೂರು ನಿಮಿಷ ಯಾಕೆ ಬದಲಾಗಲಿಲ್ಲ ಎಂಬುದಕ್ಕೆ ಕಾರಣ ಸರಳ. ಬಂಡಿ ರಸ್ತೆಯನ್ನು ದಾಟಿ ಮುಗಿಸಿದ ಮೇಲಷ್ಟೇ ಮಾದರಿ ಅದರ ಸಮಯವನ್ನು ಬರೆದುಕೊಳ್ಳುತ್ತದೆ. ಒಂದೂ ದಾಟದಿದ್ದರೆ ಹೊಸ ಲೆಕ್ಕವಿಲ್ಲ, ಹಳೆಯದೇ ನಿಲ್ಲುತ್ತದೆ. ಬೇರೆ ರಸ್ತೆಗಳಲ್ಲಿ ಹಳೆಯದೆಂದರೆ ನಿನ್ನೆಯದು, ಮೊನ್ನೆಯದು. ಇಲ್ಲಿ ಹಳೆಯದು ಎಷ್ಟು ಹಳೆಯದು ಎಂದು ಆ ಹೊತ್ತಿಗೆ ನಾನು ಒಂದು ಸಲ ಒತ್ತಿ ನೋಡಬಹುದಿತ್ತು. ನೋಡಲಿಲ್ಲ. ಗೇಟು ಖಾಲಿಯಿದೆ ಎಂದು ತಿಳಿದು ಮಾದರಿ ಇನ್ನಷ್ಟು ಡಬ್ಬಿಗಳನ್ನು ಅಲ್ಲಿಗೇ ಕಳಿಸುತ್ತಲಿತ್ತು.

ಹತ್ತು ಗಂಟೆಗೆ ಇವರು ಮತ್ತೆ ಫೋನ್ ಮಾಡಿದರು. "ದಮ್ಮ ಹತ್ತೇದ ಶೈಲಾ," ಎಂದರು. ಮಾತಿನ ನಡುವೆ ಉಸಿರಿನ ಸದ್ದು ಕೇಳುತ್ತಿತ್ತು, ಒದ್ದೆ ಸದ್ದು. ಈಗ ಇಳಿದು ನಡೆಯುವ ಸ್ಥಿತಿ ಇರಲಿಲ್ಲ. ನಾನು ಕಾಲೋನಿ ಕಡೆಯಿಂದ ಆಂಬುಲೆನ್ಸ್ ಕಳಿಸಿದೆ. ಅದಕ್ಕೂ ಮಾದರಿ ಅದೇ ಹನ್ನೆರಡು ನಿಮಿಷದ ದಾರಿ ತೋರಿಸಿತು, ಅದು ಹೋಗಿ ಡಬ್ಬಿಗಳ ಬಾಲಕ್ಕೆ ನಿಂತಿತು. ಇಮ್ತಿಯಾಜ್ ಎದ್ದು ರೈಲ್ವೆಯವರಿಗೆ ಫೋನ್ ಹಚ್ಚಿದ, ಗೇಟು ಒಮ್ಮೆ ಎರಡು ನಿಮಿಷ ತೆರೆದು ಮತ್ತೆ ಬಿತ್ತು, ಅಷ್ಟರಲ್ಲಿ ಎರಡೂ ಕಡೆಯ ಬಂಡಿಗಳು ಹಳಿಯ ಬಾಯಲ್ಲಿ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಹತ್ತೂವರೆಯ ಮೇಲೆ ಇವರ ಫೋನನ್ನು ಯಾರೋ ಹೆಂಗಸು ಎತ್ತಿದರು. "ನಿಮ್ಮವರು ಮಾತಾಡವಲ್ರು ನೋಡ್ರಿ ಅಕ್ಕಾರ. ನಾವು ನಾಲ್ಕು ಮಂದಿ ಎತ್ಕೊಂಡು ಹೊಂಟೇವಿ," ಎಂದರು. ಕೊನೆಗೂ ಇವರು ಗೇಟಿನ ಬುಡದಿಂದಲೇ ಹಾದು ಆ ಕಡೆಗೆ ಹೋದರು, ನಾಲ್ಕು ಜನರ ಕೈ ಮೇಲೆ. ಆಟೋ ಏಳು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿತಂತೆ. ಹನ್ನೊಂದೂ ಕಾಲಿಗೆ ಡಾಕ್ಟರು ಕೈಬಿಟ್ಟರು. ಎದೆಯಲ್ಲಿ ನೀರು ತುಂಬಿತ್ತು.

ಅಳು ಬರಲಿಲ್ಲ. ಬರುತ್ತದೆಂದು ಎಲ್ಲರೂ ಕಾದರು. ನಮ್ಮ ಅಕ್ಕ ಹೆಗಲ ಮೇಲೆ ಕೈಯಿಟ್ಟುಕೊಂಡು ಎರಡು ದಿನ ಪಕ್ಕದಲ್ಲೇ ಕೂತಳು. ನಾನು ಹೊತ್ತಿಗೆ ಸರಿಯಾಗಿ ಉಂಡೆ, ಎಂಟು ತಾಸು ನಿದ್ದೆ ಮಾಡಿದೆ, ಹೊಲಿಯಲು ಬಂದಿದ್ದ ಕೋಟುಗಳನ್ನು ಹೆಸರು ನೋಡಿ ವಕೀಲರಿಗೆ ವಾಪಸ್ ಕಳಿಸಿದೆ. ಒಂದು ಕೋಟಿನ ಎಡದ ತೋಳು ಇನ್ನೂ ಹಚ್ಚಿರಲಿಲ್ಲ, ಅದನ್ನು ಬೇರೆ ಕವರಿನಲ್ಲಿ ಹಾಕಿ ಕೊಟ್ಟೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇವರ ಸಾವೂ ಪರದೆಯ ಮೇಲಿನ ಒಂದು ಅಂಕಿಯಂತೆ ಎದುರಿಗಿತ್ತು, ಓದಲು ಬರುತ್ತಿತ್ತು, ಅಷ್ಟೇ. ಶಿವಗಣಾರಾಧನೆ ಮುಗಿದ ಮರುದಿನವೇ ಆಫೀಸಿಗೆ ಹೋದೆ.

ಹೋದವಳು ಮೊದಲು ಮಾಡಿದ್ದು ಗೇಟಿನ ದಾಖಲೆ ತೆಗೆದದ್ದು. ಮೂರು ನಿಮಿಷ ಎಂದು ಕೊನೆಯ ಸಲ ಬರೆದದ್ದು ನಾಲ್ಕು ವರ್ಷ ಎರಡು ತಿಂಗಳ ಹಿಂದೆ, ಟಪಾಲು ವಿಭಾಗದ ಒಬ್ಬಾಕೆ ಚೀಟಿ ಬಿದ್ದು ಆ ಕಡೆ ಹೋದಾಗ. ಮುಂದಿನ ತಿಂಗಳು ಆಕೆಯ ಹೆಸರು ಪಟ್ಟಿಗೆ ಸೇರಿತ್ತು. ಆಮೇಲೆ ಆ ಗೇಟಿನ ಮೇಲೆ ನಮ್ಮ ಒಂದು ಬಂಡಿಯೂ ಹೋಗಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ಅದಿರಿನ ಗಾಡಿಗಳು ಮೂರು ಪಟ್ಟಾಗಿದ್ದವು. ರೈಲ್ವೆಯವರನ್ನು ಕೇಳಿದರೆ ಬೆಳಗಿನ ಹೊತ್ತು ಗೇಟು ಸರಾಸರಿ ಇಪ್ಪತ್ತೇಳು ನಿಮಿಷ ಬೀಳುತ್ತದೆ ಎಂದರು. ಅಲ್ಲಿ ಶೇಂಗಾ ಮಾರುವವರಿಗೂ ಅದು ಗೊತ್ತಿತ್ತು.

ನಾನು ಒಂದೊಂದಾಗಿ ಕಾಲೋನಿಯ ಸುತ್ತಲಿನ ರಸ್ತೆಗಳನ್ನೆಲ್ಲ ತೆಗೆದೆ. ಇನ್ನೂ ಹದಿನಾರು ರಸ್ತೆಗಳ ಲೆಕ್ಕ ನಾಲ್ಕು ವರ್ಷ ಹಳೆಯದಿತ್ತು. ಅದನ್ನು ಹಂಪಿಹೊಳಿ ಸರ್ ಮುಂದೆ ಇಟ್ಟೆ. ಅವರು ಓದಿ ಮುಗಿಸಿ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

"ಆ ಗೇಟಿನ ಮೂರು ತಗದು ಇಪ್ಪತ್ತೇಳು ಅಂತ ನೀವೇ ಬರೀರಿ ಶಿರಗುಪ್ಪಿ ಮೇಡಂ. ಪಟ್ಟಿ ಹಂಗೇ ಇರ್ಲಿ. ಮಂಡಳಿ ನೇಮಿಸಿದ ವಿಚಾರಣಿ ಸಮಿತಿಗೆ ಟ್ಯಾಂಕರ್ ಬಿತ್ತು, ಗೇಟ್ ಬಿತ್ತು, ಅಷ್ಟ ಸಾಕು. ಆ ದಿನ ಊರಿನ ಸರಾಸರಿ ತಡ ಒಂದೂವರಿ ನಿಮಿಷನೂ ಇಲ್ಲ."

"ಉಳದ ಹದಿನಾರು ರಸ್ತೆ ಯಾರು ಬರೀಬೇಕ್ರಿ ಸರ್? ನನಗ ಅಲ್ಲಿ ಏನದ ಅಂತ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ."

"ಮನಸ್ಸಿಗೆ ಭಾಳ ಬ್ಯಾಸರ ಆಗಿರ್ತದ ನಿಮಗ. ಇನ್ನೂ ಒಂದು ಹದಿನೈದು ದಿನ ರಜಾ ತಗೋರಿ."

"ಬ್ಯಾಸರ ಆಗಿಲ್ರಿ," ಎಂದೆ. ಸುಳ್ಳಲ್ಲ, ಆಗಿರಲಿಲ್ಲ. "ಪಟ್ಟಿಗೆ ಮಂದಿ ಹೆಸರು ಹಾಕಾಕ ಶುರು ಮಾಡಿದಾಕಿ ನಾನು ಅಂತ ಸಮಿತಿಗೆ ಬರದು ಕೊಟ್ಟೇನಿ. ಇವತ್ತ ಆ ಹೆಸರೆಲ್ಲಾ ಅಳಸ್ತೇನಿ."

ಅವರು ತಡೆಯಲಿಲ್ಲ. ತಡೆದರೆ ತಡೆದದ್ದು ದಾಖಲೆಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಇಮ್ತಿಯಾಜ್ ನನ್ನ ಮೇಜಿನ ಬಳಿ ಬಂದು ನಿಂತ. ಅವನ ಹೆಂಡತಿ ನಾಜ್ನೀನ್‌ಗೆ ಎಂಟು ತಿಂಗಳು. ಅದು ನನಗೆ ಗೊತ್ತಿತ್ತು, ಇವರ ಅಂತ್ಯಕ್ರಿಯೆಯ ದಿನ ಆ ಹೊಟ್ಟೆ ಹೊತ್ತುಕೊಂಡೇ ಬಂದು ಅಡುಗೆಮನೆಯಲ್ಲಿ ಚಹಾ ಮಾಡಿಕೊಟ್ಟಿದ್ದಳು.

"ಮೇಡಂ, ಎಲ್ಲಾರ ಹೆಸರು ತಗೀರಿ. ನಂದೂ ತಗೀರಿ, ಅಮ್ಮೀದೂ ತಗೀರಿ. ಅಕೀದೊಂದು ಒಂದು ತಿಂಗಳು ಇರ್ಲಿ."

"ಒಬ್ಬಾಕಿದು ಇಟ್ಟರ ಎಲ್ಲಾರದೂ ಇಡಬೇಕಾಗ್ತದ ಇಮ್ತಿಯಾಜ್. ನಂದು ಒಂದರಿಂದನ ಶುರು ಆಗಿತ್ತು."

"ಬ್ಯಾನಿ ಬಂದ ದಿನನ ಚೀಟಿ ಬಿದ್ರ?"

"ಅವತ್ತ ಆಂಬುಲೆನ್ಸ್ ಕರಿ. ಆಂಬುಲೆನ್ಸಿಗೆ ಚೀಟಿ ಇಲ್ಲ. ಆದರ ಅದು ಹೋಗೋ ದಾರಿ ಮೊದಲ ಯಾರರ ಹೋಗಿ ನೋಡಿರಬೇಕು. ನಮ್ಮ ಕಾಲೋನಿ ದಾರಿ ನಮ್ಮ ಕಾಲೋನಿಯವರ ನೋಡಬೇಕು."

"ಲೆಕ್ಕ ನನಗೂ ಗೊತ್ತದ ಮೇಡಂ. ನಾನೂ ಅದನ್ನ ಓದೇನಿ. ಈಗ ನನಗ ಲೆಕ್ಕ ಬ್ಯಾಡ." ಅವನ ದನಿ ಏರಲಿಲ್ಲ. "ನೀವು ನಿಮ್ಮವರನ್ನ ಇಟ್ಟಿದ್ರಿ."

"ಹೌದು. ಇಟ್ಟಿದ್ದೆ," ಎಂದೆ.

ಅವನು ತನ್ನ ಮೇಜಿಗೆ ಹೋದ. ನಾನು ಅಳಿಸಿದೆ. ಮೂರು ಸಾವಿರದ ಒಂಬೈನೂರ ಹದಿನೇಳು ಹೆಸರು, ಇವರದೂ ಸೇರಿ. ಇವರ ಹೆಸರಿನ ಮುಂದೆ ಮಾತ್ರ ಯಂತ್ರ ಕಾರಣ ಕೇಳಿತು, ಖಾತೆ ಮೊದಲೇ ಮುಚ್ಚಿದೆ ಎಂದಿತು. ಸರಿ ಎಂದು ಒತ್ತಿದೆ. ಆಗಲೂ ಏನೂ ಅನ್ನಿಸಲಿಲ್ಲ. ನನ್ನೊಳಗೆ ಏನೋ ಕೆಟ್ಟುಹೋಗಿದೆ ಎಂದು ಮಾತ್ರ ಅನ್ನಿಸಿತು.

ಆ ಗುರುವಾರ ನಾಜ್ನೀನ್ ಹೆಸರು ಚೀಟಿಯಲ್ಲಿ ಬಿತ್ತು. ತಪಾಸಣೆಗೆ ಹೊರಟವಳನ್ನು ಡಬ್ಬಿ ಹಳೆಯ ಹಾಲಿನ ಡೈರಿಯ ರಸ್ತೆಯಲ್ಲಿ ಕರೆದೊಯ್ದು ಹನ್ನೊಂದು ನಿಮಿಷ ತಡ ಮಾಡಿತು. ರಸ್ತೆ ಅಗೆದಿತ್ತು, ಕುಲುಕಾಟಕ್ಕೆ ಅವಳ ಸೊಂಟ ಹಿಡಿಯಿತು. ಇಮ್ತಿಯಾಜ್ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಡೈರಿಯ ರಸ್ತೆಯ ಮುಂದೆ ಪರದೆಯಲ್ಲಿ ಹೊಸ ಅಂಕಿ ಬಂತು. ಮಾದರಿ ಇನ್ನು ಅಲ್ಲಿಗೆ ಆಂಬುಲೆನ್ಸ್ ಕಳಿಸುವುದಿಲ್ಲ. ಅದನ್ನು ಅವನಿಗೆ ತೋರಿಸಬೇಕೆಂದುಕೊಂಡೆ, ತೋರಿಸಲಿಲ್ಲ.

ಮುಂದಿನ ಸೋಮವಾರದ ಚೀಟಿಯಲ್ಲಿ ನನ್ನ ಹೆಸರು ಬಿದ್ದಿರಲಿಲ್ಲ. ನಾನೇ ಹಾಕಿಕೊಂಡೆ. ಗೇಟಿನ ರಸ್ತೆ ಬೇಕು ಎಂದೆ, ಆಸ್ಪತ್ರೆಗೆ ಎಂದೆ. ಒಂಬತ್ತಕ್ಕೆ ಡಬ್ಬಿ ಬಂತು. ಗೇಟಿನ ಮುಂದೆ ಹದಿನಾರು ನಿಮಿಷ ಕೂತೆ. ಜನ ಇಳಿದು ಬಗ್ಗಿ ದಾಟುತ್ತಿದ್ದರು, ಕೈಯಲ್ಲಿ ಚೀಲ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಮಾತಾಡಿಕೊಂಡೇ. ನಾನೂ ಇಳಿದೆ. ಬಾತ ಕಾಲಿನವರು ನಡೆಯುವಷ್ಟು ನಿಧಾನವಾಗಿ ನಡೆದೆ. ಆಟೋದವನು ಎಲ್ಲಿಗೆ ಎಂದು ಕೇಳಿ ಕೂಡಿಸಿಕೊಂಡ. ಡಯಾಲಿಸಿಸ್ ವಿಭಾಗದ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದೆ. ಗೇಟಿನಿಂದ ಅಲ್ಲಿಗೆ ಹದಿನೇಳು ನಿಮಿಷ. ಒಂಬತ್ತು ಮೂವತ್ತೈದಕ್ಕೆ ನಾನು ಹೂಂ ಎಂದಿದ್ದರೆ ಇವರು ಹತ್ತಕ್ಕೆ ಎಂಟು ನಿಮಿಷ ಇರುವಾಗಲೇ ಅಲ್ಲಿರುತ್ತಿದ್ದರು. ಮೊಬೈಲಿನಲ್ಲಿ ಬರೆದುಕೊಂಡ ಅಂಕಿಗಳನ್ನು ಇನ್ನೊಮ್ಮೆ ಕೂಡಿಸಿದೆ. ಹದಿನೇಳೇ ಬಂತು.

ಒಳಗಿಂದ ನರ್ಸೊಬ್ಬರು ಬಂದರು. ಐವತ್ತರ ಆಸುಪಾಸು. ನನ್ನ ಮುಖ ನೋಡಿ ನಿಂತರು.

"ನೀವು ಕೋಟಿನ ಟೇಲರ್ ಅವರ ಮನಿಯವರಲ್ರೀ? ಒಮ್ಮೆ ಬಂದಿದ್ರಿ, ಮೊದಲ ಸಲ. ಭಾಳ ಕೆಟ್ಟ ಅನಿಸ್ತು ನೋಡ್ರಿ ನಮಗೆಲ್ಲಾ. ಅವತ್ತ ಹನ್ನೊಂದರ ತನಕ ಅವರ ಮಷೀನ್ ಯಾರಿಗೂ ಕೊಟ್ಟಿರಲಿಲ್ಲ."

"ಹತ್ತು ದಾಟಿದ್ರ ಸರದಿ ರದ್ದು ಅಂತ ಕಾರ್ಡಿನ್ಯಾಗ ಅದಲ್ರಿ," ಎಂದೆ.

"ಅದು ಸುಮ್ನ ಬರದದ್ರಿ. ಹಂಗ ಬರೀಲಿಲ್ಲಂದ್ರ ಮಂದಿ ಮಧ್ಯಾಹ್ನ ಬರ್ತಾರ. ಹತ್ತು ನಿಮಿಷ, ಅರ್ಧ ತಾಸು ತಡ ಆತಂತ ಇಲ್ಲಿಂದ ಯಾರನ್ನ ತಿರುಗಿ ಕಳ್ಸೇವಿ? ನಿಮ್ಮವರಿಗೆ ಗೊತ್ತಿತ್ತಲ್ರಿ. ಮೊದಲನೇ ವಾರನ ಕೇಳಿದ್ರು. ನಾನ ಹೇಳಿದ್ದೆ, ಆರಾಮ ಬರ್ರಿ ಅಂತ."

ಇವರಿಗೆ ಗೊತ್ತಿತ್ತು. ಹತ್ತಿ ಮಿಲ್ಲಿನ ಗೋಡೆಯ ಮೇಲಿನ ಗಿಡ ನೋಡಿ ಖುಷಿಪಟ್ಟದ್ದು ಅದಕ್ಕೇ. ಪಟ್ಟಿಯ ಮಾತು ನಾನು ಮನೆಯಲ್ಲಿ ಒಂದು ಸಲ ಎತ್ತಿದ್ದರೆ ಇವರು ನಕ್ಕು, ಹುಚ್ಚಿ, ತಡ ಆದ್ರ ಕಾಯ್ತಾರ ಬಿಡು ಎನ್ನುತ್ತಿದ್ದರು. ಆ ಒಂದು ಹೆಸರು ಸೇರುತ್ತಿರಲಿಲ್ಲ. ಆಮೇಲಿನವೂ ಸೇರುತ್ತಿರಲಿಲ್ಲ. ಗೇಟಿನ ಸುದ್ದಿ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತಿತ್ತು. ಊರಿನ ಮೂವತ್ತೊಂದು ಲಕ್ಷ ಜನ ಏನು ಬಯಸುತ್ತಾರೆ ಎಂದು ಲೆಕ್ಕ ಹಾಕಿದವಳು ಮನೆಯಲ್ಲಿದ್ದ ಒಬ್ಬರನ್ನು ಕೇಳಿರಲಿಲ್ಲ.

ಆಗ ನನಗೆ ನೋವಾಯಿತು. ಎದೆಯ ನಡುವೆ, ನಿಜವಾದ ನೋವು, ಮೂರು ವಾರಗಳಲ್ಲಿ ಮೊದಲ ಸಲ. ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಕೂತೆ. ನರ್ಸು ನೀರು ತಂದುಕೊಟ್ಟರು. "ಯಾರನ್ನರ ಕರಸ್ಲೇನ್ರಿ?" ಎಂದು ಕೇಳಿದರು. ಬೇಡ ಎಂದು ತಲೆ ಅಲ್ಲಾಡಿಸಿದೆ. ಹತ್ತು ಗಂಟೆಯಾಯಿತು, ಒಳಗೆ ಯಾರದೋ ಮಷೀನು ಶುರುವಾದ ಸದ್ದು ಕೇಳಿತು. ಆಫೀಸಿಗೆ ಹೋಗಲಿಲ್ಲ. ಇವರ ನಾಲ್ಕು ತಾಸು ಮುಗಿಯುವ ತನಕ ಅಲ್ಲೇ ಕೂತಿದ್ದೆ.